ಜವರಪ್ಪನವರ ಲೇತ್ ಮತ್ತು ಒಂದು ಗೋಪ್ಯ ಪತ್ರ

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನ ಒಂದು ಖಾಸಗಿ ಬ್ಯಾಂಕಿನ ಶಾಖೆಯಲ್ಲಿ ನಾನು ಅಕೌಂಟೆಂಟ್. ಪಿಂಚಣಿದಾರರು, ಅರಮನೆಯ ನಿವೃತ್ತ ನೌಕರರು ನಮ್ಮಲ್ಲಿ ಇಟ್ಟ ಠೇವಣಿಯ ಬಹುಪಾಲು ಬೊಂಬಾಯಿಯ ವರ್ತಕರಿಗೆ ಸಾಲವಾಗಿ ಹೋಗುತ್ತಿತ್ತು. ಅದರಲ್ಲಿ ನನಗೆ ಆಗ ತಪ್ಪೇನೂ ಕಂಡಿರಲಿಲ್ಲ.

ನಮ್ಮಲ್ಲೇ ಖಾತೆಯಿದ್ದ ಜವರಪ್ಪ ಎಂಬವರು ಕಬ್ಬಿಣ ಕಡೆಯುವ ಹೊಸ ಲೇತ್ ಯಂತ್ರ ಕೊಳ್ಳಲು ಸಾಲ ಕೇಳಿ ಬಂದರು. ಮಂಡಕಳ್ಳಿಯ ರೈತರ ಮನೆಯವರು. ಬನ್ನಿಮಂಟಪದ ಹತ್ತಿರ ಶೆಡ್ ಹಾಕಿ, ಆರು ಜನರನ್ನಿಟ್ಟುಕೊಂಡು ಮಗ್ಗದ ಬಿಡಿಭಾಗ ತಯಾರಿಸುತ್ತಿದ್ದರು. ರೇಷ್ಮೆ ನೇಯುವವರ ಆರ್ಡರ್ ಕೈಯಲ್ಲಿತ್ತು, ಅಡವಿಡಲು ಆಸ್ತಿ ಇರಲಿಲ್ಲ. ಮ್ಯಾನೇಜರ್ ಕೂರಲೂ ಹೇಳದೆ ಆಗುವುದಿಲ್ಲ ಎಂದರು. ನಿರಾಕರಣೆ ಪತ್ರಕ್ಕೆ ಸಹಿ ಹಾಕಿದವನು ನಾನು.

"ನಮ್ಮೂರ ದುಡ್ಡ ಬೊಂಬಾಯಿಗೆ ಕೊಡ್ತೀರಿ, ನಮ್ಗೆ ಇಲ್ಲ ಅಂತೀರಿ. ಇದ್ಯಾವ ನ್ಯಾಯ ಕಣ್ರೀ?" ಎಂದು ನನ್ನ ಮೇಜಿನ ಮುಂದೆ ಕೂಗಾಡಿ ಅವರು ಹೊರಟುಹೋದರು.

ಎರಡು ತಿಂಗಳ ಮೇಲೆ ಊರಿನ ಸರ್ಕಾರಿ ಬ್ಯಾಂಕಿನಿಂದ ಪತ್ರ ಬಂತು. ಕೊಳ್ಳುವ ಯಂತ್ರವನ್ನೇ ಆಧಾರವಾಗಿಟ್ಟುಕೊಂಡು ಅವರು ಜವರಪ್ಪನವರಿಗೆ ಸಾಲ ಕೊಡಲು ಸಿದ್ಧರಿದ್ದರು. ಗ್ರಾಹಕ ಎಂಥವನೆಂದು ಒಂದು ಬ್ಯಾಂಕು ಇನ್ನೊಂದನ್ನು ಗುಟ್ಟಾಗಿ ವಿಚಾರಿಸುವುದು ರೂಢಿ. ಅದಕ್ಕೆ ಕೊಡುವ ಉತ್ತರವೇ ಒಪೀನಿಯನ್ ರಿಪೋರ್ಟ್.

"ಚೆಕ್ ವಾಪಸ್ ಬಂದಿವೆ, ನಂಬೋ ಮನುಷ್ಯ ಅಲ್ಲ ಅಂತ ಬರೀರಿ" ಎಂದರು ಮ್ಯಾನೇಜರ್. ಕೊಯಮತ್ತೂರಿನಿಂದ ಅದೇ ಬಿಡಿಭಾಗ ತರಿಸಿ ಮಾರುತ್ತಿದ್ದ ವರ್ತಕರು ನಮ್ಮ ದೊಡ್ಡ ಠೇವಣಿದಾರರು; ಜವರಪ್ಪ ಬೆಳೆದರೆ ಅವರ ವ್ಯಾಪಾರಕ್ಕೆ ಪೆಟ್ಟು.

"ಸಾರ್, ಲೆಡ್ಜರಲ್ಲಿ ಒಂದು ಚೆಕ್ಕೂ ವಾಪಸ್ಸಾಗಿಲ್ಲ."

"ನಿಮ್ಗೆ ಸಂಬಳ ಕೊಡೋದು ಲೆಡ್ಜರೋ, ನಾನೋ?"

ಇಡೀ ಶಾಖೆ ಕೇಳುವಂತೆ ಕಿರುಚಿದರು. ನಾನು ಲೆಡ್ಜರಿನಲ್ಲಿದ್ದುದನ್ನೇ ಬರೆದು, ನನಗಿದ್ದ ಅಧಿಕಾರದಲ್ಲಿ ಸಹಿ ಹಾಕಿ ಕಳಿಸಿದೆ. ಅಂದಿನಿಂದ ಅವರು ನನ್ನೊಡನೆ ಮಾತುಬಿಟ್ಟರು. ತಿಂಗಳೊಳಗೆ ದೂರದೂರಿಗೆ ನನ್ನ ವರ್ಗವಾಯಿತು. ಹೆಂಡತಿ ಮೈಸೂರಿನಲ್ಲೇ ಶಿಕ್ಷಕಿ. ನಾಲ್ಕು ವರ್ಷ ಒಬ್ಬನೇ ಇದ್ದೆ.

ಹೊರಡುವ ಮೊದಲು ಶೆಡ್ಡಿಗೆ ಹೋದೆ. ಹೊಸ ಲೇತ್ ತಿರುಗುತ್ತಿತ್ತು.

"ಯಾಕ್ ಬಂದ್ರಿ? ಮುಚ್ಚೋಯ್ತಾ ಅಂತ ನೋಡಕ್ಕಾ?" ಜವರಪ್ಪ ಬಾಗಿಲಿಗೆ ಅಡ್ಡ ನಿಂತರು. "ಇಲ್ಲ ಅಂತ ರುಜು ಹಾಕ್ದೋರು ನೀವೇ ಅಲ್ವಾ? ನಡೀರಿ ಆಚೆ."

ಗೋಪ್ಯ ಪತ್ರದ ಸಂಗತಿ ಬಾಯಿಬಿಡುವಂತಿರಲಿಲ್ಲ. ಬಂದ ದಾರಿಯಲ್ಲೇ ಹಿಂತಿರುಗಿದೆ.

ವರ್ಗ ಮುಗಿಸಿ ಬಂದಾಗ ಆ ಬೀದಿಯಲ್ಲಿ ಇನ್ನೂ ಮೂರು ವರ್ಕ್‌ಶಾಪುಗಳು ಎದ್ದಿದ್ದವು. ಮೂರೂ ಜವರಪ್ಪನವರಲ್ಲಿ ಕೆಲಸ ಕಲಿತವರದು. ಕೊಯಮತ್ತೂರಿನ ಮಾಲು ಬರುವುದು ನಿಂತಿತ್ತು. ನಾವು ಕೊಡದೆ, ಬೇರೆ ಬ್ಯಾಂಕು ಕೊಟ್ಟ ಒಂದು ಸಾಲ ಒಂದು ಬೀದಿಯನ್ನೇ ಬೆಳೆಸಿತ್ತು.

ಎದುರಾದಾಗಲೆಲ್ಲ ಜವರಪ್ಪ ಮುಖ ತಿರುಗಿಸುತ್ತಿದ್ದರು. ಮೊದಮೊದಲು ನೋಯುತ್ತಿತ್ತು. ಲೆಡ್ಜರಿನಲ್ಲಿದ್ದ ನಿಜ ಬರೆಯುವುದು, ಊರಿನ ದುಡ್ಡನ್ನು ಊರಿನ ದುಡಿಮೆಗೆ ಕೊಡುವುದು ಬ್ಯಾಂಕಿನವನ ಉಪಕಾರವಲ್ಲ, ಕೆಲಸ. ಅದಕ್ಕೆ ನಮಸ್ಕಾರ ನಿರೀಕ್ಷಿಸಬಾರದು ಎಂಬುದು ತಡವಾಗಿ ತಿಳಿಯಿತು.