ಗರ್ಭದೊಳಗಿನ ಗದ್ದೆ ತೋರಿಸಿದ ಡಾಕ್ಟ್ರಮ್ಮ

ಸಿಂಚನಾ, ಭುವನ್, ಮೊನ್ನೆ ನೀವಿಬ್ಬರೂ ಸೇರಿ ನನಗೆ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚುವ ಮುಂಚೆ ತೋಳಿಗೆ ಸ್ಪಿರಿಟ್ಟು ಒರೆಸಿದಿರಲ್ಲ, ಆ ವಾಸನೆಗೆ ನನ್ನ ಕಣ್ಣು ತುಂಬಿತು. ನೋವಾಯ್ತೇನಜ್ಜಿ ಅಂದಿರಿ. ನೋವಲ್ಲ. ಪಾಂಡವಪುರದ ಡಾಕ್ಟ್ರಮ್ಮ ನೆನಪಾಗಿದ್ದರು...

ಅವರ ಕೋಣೆಯಲ್ಲೂ ಅದೇ ವಾಸನೆ. ಒಂದು ಮೇಜು, ಹಸಿರು ಪರದೆ, ಹೊರಗೆ ಜಗಲಿ ತುಂಬ ಹೆಂಗಸರು. ಡಾಕ್ಟ್ರಮ್ಮ ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೇ ಕೆಲಸ ಮಾಡುತ್ತಿದ್ದರು.

ನನಗೆ ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬಿರಲಿಲ್ಲ. ಒಂದೆರಡು ಸಲ ಬಸಿರು ನಿಂತಂತಾಗಿ ಇಳಿದುಹೋಗಿತ್ತು. ಅತ್ತೆ ಕಿಕ್ಕೇರಿ ಕಡೆ ಇನ್ನೊಂದು ಹೆಣ್ಣು ನೋಡಿ ಬಂದಿದ್ದರು. ದೀಪಾವಳಿವರೆಗೂ ಕಾಯುವುದು, ಆಮೇಲೆ ಮಗನಿಗೆ ಅವಳನ್ನು ತರುವುದು ಅಂತ ನನ್ನೆದುರಿಗೇ ಹೇಳಿದ್ದರು. ನಿಮ್ಮ ತಾತ ಹೆಚ್ಚು ಮಾತಾಡುವವರಲ್ಲ. ಆದರೆ ನನ್ನನ್ನು ಪಾಂಡವಪುರಕ್ಕೆ ಕರೆದುಕೊಂಡು ಹೋದವರು ಅವರೇ.

ಡಾಕ್ಟ್ರಮ್ಮ ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟರು. ಮನೆಗೆ ತಂದೊಡನೆ ಅತ್ತೆ ಕಿತ್ತುಕೊಂಡರು. ಮನೆದೇವರ ಪೂಜೆ, ಮದುವೆ ಬಂದರೆ ನಮ್ಮ ಕಡೆ ಹೆಂಗಸರು ಮುಟ್ಟನ್ನು ಮುಂದಕ್ಕೆ ಹಾಕಲು ಮಾತ್ರೆ ನುಂಗುವುದುಂಟು. ಇದೂ ಅದೇ ಜಾತಿಯದು ಎಂದು ಯಾರೋ ಅತ್ತೆಗೆ ಹೇಳಿದ್ದರು. ನನ್ನನ್ನು ಎಳೆದುಕೊಂಡು ಜಗಳಕ್ಕೇ ಹೋದರು.

"ಏನ್ ಡಾಕ್ಟ್ರಮ್ಮ, ಮಕ್ಕಳಾಗ್ಲಿ ಅಂತ ಕಳಿಸುದ್ರೆ ಹಬ್ಬದ ಮಾತ್ರೆ ಕೊಟ್ಟು ಕಳಿಸಿದ್ದೀರಲ್ಲ ನೀವು!"

ಜಗಲಿಯ ಹೆಂಗಸರೆಲ್ಲ ನಕ್ಕರು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಡಾಕ್ಟ್ರಮ್ಮ ನಗಲಿಲ್ಲ. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, "ನಾಟಿಗೆ ಮುಂಚೆ ಗದ್ದೆಗೆ ಏನೇನ್ ಮಾಡ್ತೀರಮ್ಮ?" ಅಂದರು.

"ಉಳ್ತೀವಿ, ಗೊಬ್ಬರ ಆಕ್ತೀವಿ, ಕೆಸರು ಮಾಡ್ತೀವಿ. ಒಣನೆಲದಲ್ಲಿ ಪೈರು ನೆಡಾಕಾಯ್ತದಾ?"

ಗರ್ಭಕೋಶದೊಳಗೂ ತಿಂಗಳು ತಿಂಗಳೂ ಅದೇ ಬೇಸಾಯ ಎಂದರು ಡಾಕ್ಟ್ರಮ್ಮ. ಮೈಯಲ್ಲಿ ಎರಡು ಹಾರ್ಮೋನುಗಳು ಸರದಿಯ ಮೇಲೆ ದುಡಿಯುತ್ತವಂತೆ. ಮೊದಲನೆಯದು ಒಳಪದರವನ್ನು ದಪ್ಪಗೆ ಬೆಳೆಸುತ್ತದೆ. ಅಂಡ ಹೊರಬಿದ್ದ ಮೇಲೆ ಎರಡನೆಯದು ಬಂದು ಆ ಪದರವನ್ನು ಮೆತ್ತಗೆ, ಸಾರವತ್ತಾಗಿ ಮಾಡಿ, ಕಳಚದಂತೆ ಹಿಡಿದಿಡುತ್ತದೆ. ಬಸಿರು ನಿಲ್ಲದಿದ್ದರೆ ಎರಡೂ ಇಳಿದು ಪದರ ಕಳಚಿಹೋಗುತ್ತದೆ, ಅದೇ ಮುಟ್ಟು. ನಿಂತರೆ ಆ ಸಣ್ಣ ಜೀವವೇ ಹೇಳಿಕಳಿಸುತ್ತದಂತೆ, ನಾನು ಬಂದಿದ್ದೀನಿ, ಕೆಡವಬೇಡಿ ಅಂತ...

"ನಿಮ್ಮ ಸೊಸೆಗೆ ಎರಡನೇದು ಸಾಲ್ತಿಲ್ಲ ಅನ್ಸುತ್ತೆ. ಈ ಮಾತ್ರೆ ಅದಕ್ಕೆ. ನಾಟಿ ಮಾಡಿದ ಮಾರನೇ ದಿನವೇ ಬದು ಒಡೆದು ನೀರೆಲ್ಲ ಹರಿಸಿಬಿಡ್ತೀರಾ ನೀವು?"

ಅದಕ್ಕೆ ಅತ್ತೆ, "ಬೇರು ಕಚ್ಚೋಗಂಟ ನೀರು ನಿಂತಿರಬೇಕು ಕಣವ್ವ," ಅಂದರು. ಸೆರಗಿನ ಗಂಟು ಬಿಚ್ಚಿ ಮಾತ್ರೆ ನನ್ನ ಕೈಗಿಟ್ಟರು. ಆಮೇಲೆ ಊಟವಾದೊಡನೆ, "ಅಮ್ಮೀ, ನೀರ್ ಕಟ್ದಾ?" ಎಂದು ಮಾತ್ರೆ ನುಂಗಿದ್ದನ್ನು ಕೇಳುತ್ತಿದ್ದವರೇ ಅವರು.

ದೀಪಾವಳಿಗೆ ಮುಂಚೆಯೇ ಅತ್ತೆ ಒಬ್ಬರೇ ಕಿಕ್ಕೇರಿ ಬಸ್ಸು ಹತ್ತಿ ಹೋಗಿ ಆ ಹೆಣ್ಣು ಬೇಡವೆಂದು ಹೇಳಿಬಂದರು. ಆಗಿನ್ನೂ ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಮಕ್ಕಳೇ. ನಿಮ್ಮಮ್ಮ ಹುಟ್ಟಿದ್ದು ಮುಂದಿನ ವರ್ಷದ ಸುಗ್ಗಿಯಲ್ಲಿ. ಮಾತ್ರೆಯಿಂದಲೋ, ನನ್ನ ಮನಸ್ಸಿನ ಭಾರ ಇಳಿದದ್ದರಿಂದಲೋ, ನಾನು ಹೇಳಲಾರೆ. ಆದರೆ ಆ ಮನೆಯಲ್ಲಿ ನನ್ನನ್ನು ಉಳಿಸಿದ್ದು ಆ ಹೊತ್ತು ಡಾಕ್ಟ್ರಮ್ಮ ಆಡಿದ ಮಾತು. ಎಷ್ಟು ಓದಿದವರು! ಆದರೂ ಅತ್ತೆಯ ಬಾಯಿಂದಲೇ ಉತ್ತರ ತೆಗೆದರು, ಅವರ ಮುಖಕ್ಕೆ ಹೊಡೆದ ಹಾಗೆ ಒಂದು ಮಾತನ್ನೂ ಆಡಲಿಲ್ಲ.

ಡಾಕ್ಟ್ರಮ್ಮ ತೀರಿಕೊಂಡ ಸುದ್ದಿ ನಮ್ಮೂರಿಗೆ ತಡವಾಗಿ ಬಂತು. ಅವರ ಕೋಣೆ ಈಗ ಮೊಬೈಲ್ ಅಂಗಡಿ. ಹೋಗಿ ನಿಂತು ನೆನೆಯಲು ಒಂದು ಜಾಗವೂ ಇಲ್ಲ... ಇದನ್ನೆಲ್ಲ ಬಾಯಲ್ಲಿ ಹೇಳಲು ನನಗೆ ಇವತ್ತಿಗೂ ನಾಚಿಕೆ, ಅದಕ್ಕೇ ಬರೆದೆ. ಮುಂದೆ ನಿಮ್ಮ ಮನೆಗೆ ಬರುವ ಸೊಸೆಗೋ ಮಗಳಿಗೋ ಮಕ್ಕಳಾಗುವುದು ತಡವಾದರೆ, ಯಾರಾದರೂ ಅವಳನ್ನು ಒಂದು ಮಾತು ಅನ್ನುವ ಮೊದಲು ಅವರಿಗೆ ಇದನ್ನು ಓದಿಸಿ. ಅಲ್ಲಿಯವರೆಗೆ ಈ ಹಾಳೆಗಳು ನಿಮ್ಮ ಹತ್ತಿರ ಜೋಪಾನವಾಗಿರಲಿ.