ಮೂರನೆಯ ತಿರುವಿನ ನೀರು

ಕಾರು ಓಡಿಸುವ ಶೂರರ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆ ಶೂರರಿಗಿಂತ ಮುಂಚೆ ಅದೇ ಹಾದಿಯಲ್ಲಿ ನೀರು ಚಿಮುಕಿಸಿಕೊಂಡು ಹೋಗುವವನ ಕಥೆ ಯಾರಿಗೂ ಬೇಕಿಲ್ಲ. ಮಣ್ಣಿನ ಟ್ರ್ಯಾಕಿನಲ್ಲಿ ಎರಡು ಓಟಗಳ ನಡುವೆ ಟ್ಯಾಂಕರ್ ಒಂದು ಸುತ್ತು ಬರಲೇಬೇಕು. ಬರದಿದ್ದರೆ ಏಳುವ ಧೂಳಿನಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ದೇವರಿಗೂ ಕಾಣಿಸುವುದಿಲ್ಲ. ನೀರು ಕಮ್ಮಿಯಾದರೆ ಧೂಳು, ಜಾಸ್ತಿಯಾದರೆ ಕೆಸರು. ಈ ಎರಡರ ನಡುವಿನ ಕೂದಲೆಳೆಯ ಮೇಲೆ ಹನ್ನೊಂದು ವರ್ಷ ಟ್ಯಾಂಕರ್ ಓಡಿಸಿದ ಮಹಾನುಭಾವನೇ ನಮ್ಮ ಕಥಾನಾಯಕ. ಟ್ರ್ಯಾಕಿನವರು ಅವನನ್ನು ಭಗೀರಥ ಎಂದು ಕರೆಯುತ್ತಿದ್ದರು. ಅವರು ತಮಾಷೆಗೆ ಇಟ್ಟ ಹೆಸರು. ಅವನು ಅದನ್ನು ಬಿರುದೆಂದೇ ಧರಿಸಿದ್ದ.

ಅವನ ಕೀರ್ತಿಗೆ ತಲೆಬಾಗದವನು ಲೋಕದಲ್ಲಿ ಒಬ್ಬನೇ, ಹೆಂಡತಿಯ ಅಪ್ಪ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಜಗತ್ತನ್ನೆಲ್ಲ ಒಂದೇ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ ಬಿದ್ದಿದ್ದ ಮುದುಕ. "ರೇಸಿನಲ್ಲಿ ಡ್ರೈವರ್ ಅಂತ ಹೇಳಿ ಹುಡುಗೀನ ಕರ್ಕೊಂಡು ಹೋದ್ರಿ. ನೀರು ಬಿಡೋನು ಅಂತ ಒಬ್ಬರೂ ಬಾಯಿ ಬಿಡ್ಲಿಲ್ಲ" ಎಂದು ಮದುವೆಯಾದ ಲಾಗಾಯ್ತು ಚುಚ್ಚುತ್ತಿದ್ದ. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಯನ್ನು ಅಕ್ಷರಶಃ ನಂಬಿದ್ದ ಏಕೈಕ ಮಾವ ಇವನೇ ಇರಬೇಕು.

ಆ ವರ್ಷದ ದೊಡ್ಡ ರೇಸಿಗೆ ಭಗೀರಥ ಮಾವನ ಮನೆಯವರನ್ನೆಲ್ಲ ಕರೆತಂದು ಮೂರನೆಯ ತಿರುವಿನ ಮುಂದೆಯೇ ಕೂರಿಸಿದ. ಕೊನೆಯ ಓಟಕ್ಕೆ ಮುಂಚೆ ಟ್ಯಾಂಕರ್ ಆ ತಿರುವಿಗೆ ಬಂದಾಗ ಮಾವ ಕ್ಯಾಮೆರಾ ಎತ್ತಿದ. ಹತ್ತು ವರ್ಷದಲ್ಲಿ ಮೊದಲ ಸಲ! ಭಗೀರಥ ಟ್ಯಾಂಕರ್ ನಿಲ್ಲಿಸಿ, ಕಿಟಕಿಯಿಂದ ಮೊಣಕೈ ಚಾಚಿ, ಗದ್ದ ಎತ್ತಿ, ಯುದ್ಧ ಗೆದ್ದ ದೊರೆಯಂತೆ ಕೂತ.

"ಕದಲಬೇಡ. ಬೆಳಕು ಸರಿಯಿಲ್ಲ... ಹಾಂ, ಇನ್ನೊಂಚೂರು ಗದ್ದ... ತಡಿ, ತಡಿ."

ಗಡಿಯಾರದವನ ಕೈ, ಅವಸರ ಅರಿಯದು. ಫೋಟೋ ಮುಗಿಯಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಟ್ಯಾಂಕರಿನ ಹಿಂದಿನ ವಾಲ್ವ್ ತೆರೆದೇ ಇತ್ತು. ನಿಲ್ಲುವ ಮುಂಚೆ ವಾಲ್ವ್ ಮುಚ್ಚಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಬಹುಶಃ ಕೊನೆಯದೂ ಅದೇ.

ಓಟ ಶುರುವಾಯಿತು. ಹಳದಿ ಕಾರಿನವಳು ಎಲ್ಲರಿಗಿಂತ ಮುಂದಿದ್ದಳು. ಅವಳ ಬಾಲ ಹಿಡಿದು ಹಿಂದಿನ ವರ್ಷದ ಚಾಂಪಿಯನ್ನನ ಕೆಂಪು ಕಾರು. ಮೂರನೆಯ ತಿರುವಿನಲ್ಲಿ ಅವಳು ಇದ್ದಕ್ಕಿದ್ದಂತೆ ಒಳದಾರಿ ಬಿಟ್ಟು ಹೊರಗೆ ಸರಿದಳು. ಒದ್ದೆ ನೆಲದ ನಡುವೆ ನೀರಿನ ಹೊಳಪನ್ನು ಆ ವೇಗದಲ್ಲಿ ಕಣ್ಣೆವೆ ಮುಚ್ಚುವಷ್ಟರಲ್ಲಿ ಕಂಡಿದ್ದಳು. ಹೊರಗಿನ ಎರಡು ಚಕ್ರ ಚರಂಡಿಯ ಅಂಚಿನಲ್ಲಿ, ಮಣ್ಣು ಪುಡಿಪುಡಿಯಾಗಿ ಕೆಳಗೆ ಉದುರುತ್ತಿದೆ. ಬ್ರೇಕ್ ಮುಟ್ಟಿದ್ದರೆ ಕಾರು ಚರಂಡಿಗೆ. ಅವಳು ಮುಟ್ಟಲಿಲ್ಲ. ಬೆರಳ ತುದಿಯಲ್ಲಿ ಕಾರನ್ನು ಹಿಡಿದು ದಾಟಿಸಿದಳು.

ಹಿಂದಿದ್ದ ಕೆಂಪು ಕಾರು ನೇರ ಆ ನೀರಿನ ಹೊಂಡಕ್ಕೆ ನುಗ್ಗಿ, ಬುಗುರಿಯ ಹಾಗೆ ಒಂದು ಪೂರ್ತಿ ಸುತ್ತು ತಿರುಗಿ, ಪುಣ್ಯವಶಾತ್ ಮುಂದಕ್ಕೇ ಮುಖ ಮಾಡಿ ಹೊರಬಂದು ಓಡಿತು. ಜನ ಎದ್ದು ನಿಂತು ಕುಣಿದರು. ಮೈಕಿನವನ ಗಂಟಲು ಹರಿಯಿತು: "ನೋಡಿದ್ರಾ! ಇದಪ್ಪಾ ಚಾಲಕ ಅಂದ್ರೆ!" ಹಳದಿ ಕಾರು ಅಂಚಿನಿಂದ ಮತ್ತೆ ದಾರಿಗೆ ಬರುವಷ್ಟರಲ್ಲಿ ಇನ್ನೂ ಇಬ್ಬರು ಮುಂದೆ ಹೋಗಿದ್ದರು. ಕೊನೆಗೆ ಅವಳದು ನಾಲ್ಕನೆಯ ಸ್ಥಾನ. "ಪಾಪ, ಹೆದರ್ಕೊಂಡು ಪಕ್ಕಕ್ಕೆ ಹೋದ್ಲು" ಎಂದಿತು ಜನ.

ಆ ದಿನದ ಅತ್ಯದ್ಭುತ ಚಾಲನೆ ಯಾವುದೆಂದು ಬಲ್ಲವನು ಅಷ್ಟು ಸಾವಿರ ಜನರಲ್ಲಿ ಒಬ್ಬನೇ ಇದ್ದ. ಅಲ್ಲಿ ಹೊಂಡವಿತ್ತೆಂದು ಖಚಿತವಾಗಿ ಗೊತ್ತಿದ್ದುದೂ ಅವನೊಬ್ಬನಿಗೇ. ಅವನೀಗ ಏನು ಮಾಡಿದನೆಂದರೆ, ಓಟ ಮುಗಿದದ್ದೇ ತಡ, ಸಲಿಕೆ ಹಿಡಿದು ಓಡಿಹೋಗಿ ಹೊಂಡಕ್ಕೆ ಒಣಮಣ್ಣು ಸುರಿದ.

ಸುರಿದು ಮುಗಿಸಿ ಬೆನ್ನು ನೆಟ್ಟಗೆ ಮಾಡಿದರೆ ಎದುರಿಗೆ ಅವಳೇ. ಕಂಕುಳಲ್ಲಿ ಹೆಲ್ಮೆಟ್ಟು.

"ಅಣ್ಣಾ, ಇಲ್ಲಿ ನೀರು ನಿಂತಿತ್ತಾ?"

"ಇಲ್ವಲ್ಲಮ್ಮ. ನಾನು ಬಿಟ್ಟಿದ್ದು ಎಲ್ಲಾ ಕಡೆ ಒಂದೇ ಸಮ."

ಅವಳು ನೆಲ ನೋಡಿದಳು. "ಹಾಗಾದ್ರೆ ನನ್ನ ಕಣ್ಣೇ ಮೋಸ ಮಾಡ್ತೇನೋ" ಎಂದು ಹೊರಟುಹೋದಳು.

ಫೋಟೋ ಮಾತ್ರ ಅದ್ಭುತವಾಗಿ ಬಂದಿತ್ತು. ಮಾವ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ತಾನೇ ಬಂದು ಮಗಳ ಮನೆಯ ಗೋಡೆಗೆ ಮೊಳೆ ಹೊಡೆದ. "ನಮ್ಮಳಿಯ" ಎಂದು ಮೊದಲ ಬಾರಿ ಬಾಯಿತುಂಬ ಕರೆದ. ಹತ್ತು ವರ್ಷ ಕಾದಿದ್ದ ಆ ಮಾತು ಭಗೀರಥನಿಗೆ ಬಿಸಿತುಪ್ಪವಾಯಿತು; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಏನ್ರೀ ಇದು, ದಿನಾ ಗೋಡೆಗೆ ಬೆನ್ನು ಮಾಡ್ಕೊಂಡು ಊಟಕ್ಕೆ ಕೂರ್ತೀರಿ?" ಎಂದಳು ಹೆಂಡತಿ.

"ಬೆನ್ನುನೋವು."

"ಬೆನ್ನುನೋವು ಇದ್ದೋರು ಆ ಫೋಟೋ ಕಂಡ್ರೆ ಮುಖ ಯಾಕೆ ತಿರುಗಿಸ್ಕೋತಾರೆ?"

ಮೂರು ವಾರ ಕಳೆಯಿತು. ಟ್ರ್ಯಾಕಿನ ಕ್ಯಾಂಟೀನಿನಲ್ಲಿ ಮೆಕ್ಯಾನಿಕ್ಕುಗಳು ಆಡಿಕೊಂಡಿದ್ದು ಅವನ ಕಿವಿಗೆ ಬಿತ್ತು. ಹಳದಿ ಕಾರಿನವಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳಂತೆ. ಕಣ್ಣು ನೆಟ್ಟಗಿದೆ ಅಂದರಂತೆ ಅವರು. "ಹಾಗಾದ್ರೆ ಕೆಟ್ಟಿರೋದು ಧೈರ್ಯ" ಅಂದನಂತೆ ಕಾರಿನ ಒಡೆಯ, ಟೈರ್ ವ್ಯಾಪಾರಿ. ಸೋಮವಾರದಿಂದ ಕಾರು ಅವನ ತಂಗಿಯ ಮಗನಿಗಂತೆ.

ಭಗೀರಥ ಟೀ ಅರ್ಧಕ್ಕೆ ಬಿಟ್ಟು ಎದ್ದ.

ಟೈರ್ ಅಂಗಡಿಯಲ್ಲಿ ಆಳೆತ್ತರದ ರಬ್ಬರ್ ಕಂಬಗಳ ನಡುವೆ ನಿಂತು ಎಲ್ಲ ಒಪ್ಪಿಕೊಂಡ. ಒಪ್ಪಿಕೊಂಡರೆ ಮುಗಿಯಿತು ಅಂದುಕೊಂಡಿದ್ದ. ಒಡೆಯ ಹೊಟ್ಟೆ ಕುಣಿಸಿ ನಕ್ಕ.

"ಏ ಭಗೀರಥ, ಇದನ್ನ ಯಾರು ಹೇಳಿಕೊಟ್ರೋ ನಿಂಗೆ? ಹನ್ನೊಂದು ವರ್ಷದಲ್ಲಿ ಒಂದು ತೊಟ್ಟು ಹೆಚ್ಚು ಬಿಟ್ಟೋನಲ್ಲ ನೀನು. ಆ ಹುಡುಗಿ ಮೇಲೆ ಕನಿಕರ, ಅಷ್ಟೇ. ಒಳ್ಳೆ ಮನಸ್ಸಪ್ಪ ನಿಂದು!"

"ಇಲ್ಲ ಸಾರ್, ನಾನು ಅಯೋಗ್ಯ."

"ಛೇ ಛೇ, ಹಾಗನ್ನಬೇಡ."

"ಸತ್ಯವಾಗ್ಲೂ ಸಾರ್!"

ತನ್ನ ಅಯೋಗ್ಯತನಕ್ಕೆ ತಾನೇ ವಕಾಲತ್ತು ಹೂಡಿ, ಸಾಕ್ಷಿಯಿಲ್ಲದೆ ಸೋಲುವ ಸ್ಥಿತಿ ಯಾವ ಶತ್ರುವಿಗೂ ಬೇಡ. ಕೊನೆಗೆ ಅಂಗಲಾಚಿ, ಶನಿವಾರ ಬೆಳಿಗ್ಗೆ ಒಡೆಯನನ್ನು ಟ್ರ್ಯಾಕಿಗೆ ಕರೆಸಿದ. ಅವಳೂ ಬಂದಳು, ತಂಗಿಯ ಮಗನೂ ಬಂದ, ಕೆಲಸವಿಲ್ಲದ ಏಳೆಂಟು ಮೆಕ್ಯಾನಿಕ್ಕುಗಳಂತೂ ಕರೆಯದೆಯೇ ಬಂದರು. ಭಗೀರಥ ಮೂರನೆಯ ತಿರುವಿನಲ್ಲಿ ಟ್ಯಾಂಕರ್ ನಿಲ್ಲಿಸಿ ವಾಲ್ವ್ ತೆರೆದಿಟ್ಟ. ಒಂದು ನಿಮಿಷವಾಯಿತು, ಎರಡಾಯಿತು.

"ಇಷ್ಟೊತ್ತು ಸುಮ್ಮನೆ ಕೂತು ಏನ್ ಮಾಡ್ತಿದ್ದೆ?" ಎಂದ ಒಡೆಯ.

"ಫೋಟೋ ತೆಗೆಸ್ಕೊಳ್ತಿದ್ದೆ."

"ಹೇಗೆ? ತೋರಿಸು."

ತೋರಿಸಿದ. ಮೊಣಕೈ ಆಚೆ, ಗದ್ದ ಮೇಲೆ. ಉಳಿದ ಎರಡು ನಿಮಿಷ ಹಾಗೆಯೇ ಕೂತ. ಮೆಕ್ಯಾನಿಕ್ಕುಗಳು ನಕ್ಕು ನಕ್ಕು ನೆಲಕ್ಕೆ ಕುಕ್ಕರಿಸಿದರು. ಭಗೀರಥನ ಕಿವಿಯೆರಡೂ ಕಾದ ಸೈಲೆನ್ಸರಿನಂತೆ ಆದವು. ಅವಳೊಬ್ಬಳು ನಗಲಿಲ್ಲ, ಕೆಳಗೆ ಹಿಗ್ಗುತ್ತಿದ್ದ ನೀರನ್ನೇ ನೋಡುತ್ತಿದ್ದಳು.

ಮೊದಲು ತಂಗಿಯ ಮಗ ಹೋದ. ಹೊಂಡದಲ್ಲಿ ಒಂದೂವರೆ ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತ. ಆಮೇಲೆ ಅವಳು ಒಡೆಯನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಅದೇ ವೇಗ, ಅದೇ ಚರಂಡಿಯ ಅಂಚು, ಅದೇ ಉದುರುವ ಮಣ್ಣು. ಇಳಿದ ಮೇಲೆ ಒಡೆಯ ಬಾಗಿಲು ಹಿಡಿದುಕೊಂಡೇ ತುಸುಹೊತ್ತು ನಿಂತ. "ಸೋಮವಾರ... ನೀನೇ ಬಾರಮ್ಮ" ಎಂದು, ಸಾಧ್ಯವಾದಷ್ಟು ಗಂಭೀರವಾಗಿ ನಡೆದುಹೋದ.

ಭಗೀರಥ ರಾತ್ರಿಯೆಲ್ಲ ಉರುಹೊಡೆದಿದ್ದ ಕ್ಷಮಾಪಣೆಯನ್ನು ಹಿಡಿದು ಕಾರಿನ ಕಿಟಕಿಗೆ ಬಂದ. "ಅಮ್ಮಾ, ನೀರು ಚೆಲ್ಲಿದ್ದು..."

"ನೀರು ಯಾರ ಕೈಲಾದ್ರೂ ಚೆಲ್ಲತ್ತೆ ಅಣ್ಣ, ಅದಕ್ಕೇನಿಲ್ಲ." ಅವಳು ಕೈಗವಸು ಬಿಗಿಮಾಡಿಕೊಳ್ಳುತ್ತಿದ್ದಳು. "ಸಲಿಕೆ ಕೈಯಲ್ಲಿಟ್ಕೊಂಡು, ನನ್ನ ಮುಖ ನೋಡ್ಕೊಂಡು ಇಲ್ಲ ಅಂದ್ರಲ್ಲ. ಮೂರು ವಾರ ನಾನು ರಸ್ತೆ ದಾಟೋಕೂ ಹೆದರ್ತಿದ್ದೆ, ಗೊತ್ತಾ?"

ಭಗೀರಥ ಸಲಿಕೆ ತರಲು ಟ್ಯಾಂಕರಿನ ಕಡೆ ತಿರುಗಿದ.

"ನೀರು ಹಾಗೇ ಇರ್ಲಿ. ಇನ್ನೊಂದು ಸಲ ಹೋಗ್ತೀನಿ" ಎಂದು ಅವಳು ಕಾರು ಎಬ್ಬಿಸಿದಳು.

ಹೋದಳು. ಈ ಸಲ ಇನ್ನೂ ವೇಗವಾಗಿ, ಅಂಚಿಗೆ ಇನ್ನೂ ಹತ್ತಿರವಾಗಿ. ಮೆಕ್ಯಾನಿಕ್ಕುಗಳು ಸಿಳ್ಳೆ ಹಾಕಿದರು. ಭಗೀರಥನೂ ಚಪ್ಪಾಳೆಗೆಂದು ಎರಡು ಕೈ ಎತ್ತಿದ. ತನಗೆ ಆ ಹಕ್ಕು ಇದೆಯೋ ಇಲ್ಲವೋ ಎಂದು ಯೋಚಿಸುತ್ತಿರುವಾಗಲೇ ಹಳದಿ ಕಾರು ನಾಲ್ಕನೆಯ ತಿರುವು ದಾಟಿಹೋಗಿತ್ತು.