ಮೆಣಸಿನಕಾಯಿ ಬಿದ್ದ ಬೂದಿ

ಅಂಗಡಿಯ ತಿಕ್ಕೋ ಪುಡಿ ಇಲ್ಲದನ ಭಾಂಡೆ ಸ್ವಚ್ಛ ಆಗಂಗಿಲ್ಲ ಅನ್ನೋರಿಗೆ ನಾನು ಒಂದೇ ಮಾತು ಕೇಳತೀನಿ: ಆ ಪುಡಿ ಬರೂಕಿಂತ ಮೊದಲ ನಿಮ್ಮ ಅಜ್ಜಿ ಎಂಜಲ ಗಂಗಾಳದಾಗ ಉಣತಿದ್ದಳೇನು? ಕೇಳಿದವರು ನಗತಾರ. ನಗಲಿ.

ನಮ್ಮ ಮನ್ಯಾಗ ಪುಡಿ ಪಾಕೀಟು ತರೋದು ಬಂದಾಗಿ ಬಹಳ ದಿನ ಆತು. ಆ ರೊಕ್ಕದಾಗ ಈಗ ಬೆಲ್ಲ ಬರತದ, ಶೇಂಗಾ ಎಣ್ಣಿ ಬರತದ. ಆದ್ರ ಇದು ಸುರುವಾಗಿದ್ದು ರೊಕ್ಕದಿಂದ ಅಲ್ಲ, ಸೊಸಿ ಕೈಯಿಂದ.

ಸೊಸಿ ಊರ ಸಾಲಿಯ ಬಿಸಿಊಟದ ಅಡಗಿಮನ್ಯಾಗ ಕೆಲಸ ಮಾಡತಾಳ. ಕಾಯಿಪಲ್ಲೆ ಹೆಚ್ಚೋದು, ಬಡಿಸೋದು, ಕಡೀಕ ಕುಂತು ದೊಡ್ಡ ದೊಡ್ಡ ಡಬರಿ ತಿಕ್ಕೋದು. ಮಗ ಮಂದಿಯ ಟ್ರ್ಯಾಕ್ಟರ್ ಹೊಡೀತಾನ, ಅವನ ದುಡಿಮಿ ಮನಿಗೆ ಆಕ್ಕತಿ. ಸಾಲಿ ಪಗಾರ ಮಾತ್ರ ಆಕಿಯದು. ಅದನ್ನ ಏನು ಮಾಡಿದಿ ಅಂತ ಮಗ ಕೇಳಂಗಿಲ್ಲ, ನಾನೂ ಕೇಳಂಗಿಲ್ಲ. ನನ್ನ ಕಾಲಕ್ಕ ಹಂತಾದ್ದು ನನ್ನ ಕಡೆ ಇರಲಿಲ್ಲ, ಹಂಗಾಗಿ ಅದರ ಬೆಲಿ ನನಗ ಗೊತ್ತೈತಿ.

ಹೋದ ವರ್ಷ ಥಂಡಿ ದಿನದಾಗ ಆಕಿ ಕೈ ಹರಿಯಾಕ ಹತ್ತಿತು. ಮೊದಲ ಬೆರಳ ಸಂದ್ಯಾಗ ಕೆಂಪಗಾತು. ಆಮ್ಯಾಲ ಚರ್ಮ ಸುಲಿದು, ಗೀರು ಬಿದ್ದು, ರಕ್ತ ಒಸರಿತು. ಹತ್ತರದ ಊರು ಸಂಶಿಗೆ ಹೋಗಿ ಡಾಕ್ಟರಿಗೆ ತೋರಿಸಿದಳು. "ತಿಕ್ಕೋ ಪುಡಿ ನಿಮಗ ಆಗಿಬರಂಗಿಲ್ಲ, ಅದನ್ನ ಮುಟ್ಟಬ್ಯಾಡ್ರಿ" ಅಂದು ಮುಲಾಮು ಕೊಟ್ಟರು. ಪುಡಿ ಮುಟ್ಟದನ ಭಾಂಡೆ ತಿಕ್ಕೋದು ಹೆಂಗ ಅಂತ ಅವರೂ ಹೇಳಲಿಲ್ಲ, ಇಕಿಯೂ ಕೇಳಲಿಲ್ಲ. ರಬ್ಬರ್ ಗ್ಲೌಸು ಹಾಕ್ಕೊಂಡು ನೋಡಿದಳು, ಒಳಗ ಬೆವತು ಉರಿ ಇನ್ನಷ್ಟು ಹೆಚ್ಚಾತು.

ಸಾಲಿಯ ಮುಖ್ಯ ಅಡಗಿಯಾಕಿ ಗಟ್ಟಿ ಹೆಣ್ಣಮಗಳು. ಒಂದಿನ ಸೊಸಿ ಕೈ ಹಿಡಿದು ನೋಡಿ ಹೇಳಿದಳಂತ, "ಈ ಕೈಲೆ ಹುಡುಗರ ಊಟ ಮುಟ್ಟಬ್ಯಾಡ ತಂಗಿ. ಮನ್ಯಾಗ ಇದ್ದು ಆರಾಮ ಮಾಡ್ಕೊ. ಶಿವರಾತ್ರಿ ಮಟ ನೋಡತೀನಿ. ಆಗಲಿಲ್ಲಂದ್ರ ಬ್ಯಾರೆಯಾಕಿನ್ನ ತಗೋಬೇಕಾಕ್ಕತಿ."

ಆಕಿ ಅಂದಿದ್ದು ತಪ್ಪಲ್ಲ. ರಕ್ತದ ಕೈಲೆ ಬಡಿಸಿದ ಅನ್ನ ನಮ್ಮ ಮನಿ ಕೂಸಿಗೆ ನಾನೂ ಉಣಸಂಗಿಲ್ಲ. ಆದ್ರ ಸೊಸಿ ಮನಿಗೆ ಬಂದು ಮೂಲಿ ಹಿಡಿದು ಕುಂತಳು. ರೊಟ್ಟಿ ಹಿಟ್ಟು ನಾದಾಕ ಆಗವಲ್ದು, ಬಿಸಿನೀರು ಗೀರಿನ್ಯಾಗ ಇಳೀತಿತ್ತು. ರೊಟ್ಟಿ ಬಡಿಯೋ ಕೆಲಸ ಈ ವಯಸ್ಸಿನ್ಯಾಗ ಮತ್ತ ನನ್ನ ಕೊಳ್ಳಿಗೆ ಬಿತ್ತು.

"ಅಳಬ್ಯಾಡ," ಅಂದೆ. "ತಿಕ್ಕಾಕ ನಾನ ಮಾಡಿಕೊಡತೀನಿ. ಬೂದಿ ಐತಿ."

"ಬೂದಿ ಏನ್ರಿ ಅತ್ತಿ?"

"ನಿನ್ನ ಗಂಡ ಹುಟ್ಟಿ ಮೀಸಿ ಬರೂಮಟ ಈ ಮನಿ ಭಾಂಡೆ ಬೂದಿಲೇ ಬೆಳಗ್ಯಾವು. ಯಾರೂ ಸತ್ತಿಲ್ಲ."

ಗ್ಯಾಸ್ ಬಂದ ಮ್ಯಾಲ ಊರಾಗ ಬೂದಿ ಕಡಿಮಿ. ಆದ್ರ ನಮ್ಮಲ್ಲಿ ಜಳಕದ ನೀರು ಇನ್ನೂ ಬಚ್ಚಲ ಒಲಿಮ್ಯಾಲ ಕಾಯತಾವು, ಹತ್ತಿಕಟಗಿ ಹಾಕಿ. ಹತ್ತಿಕಟಗಿ ಬೂದಿ ಅಗದಿ ಚುರುಕು, ಎಂಥಾ ಜಿಡ್ಡಿದ್ದರೂ ಬಿಡಸತದ. ಒಲಿಯಿಂದ ತೆಗೆದಿದ್ದನ್ನ ಹಿತ್ತಲ ಕುಣಿಯಾಗ ಚೆಲ್ಲತೀವಿ. ಅಲ್ಲಿಂದ ಒಂದು ಬುಟ್ಟಿ ಎತ್ತಿ ತಂದು, ಸಾಣಿಗಿಲೆ ಸಾಣಿಸಿ, ಮತ್ತ ಹಳೇ ಸೀರಿ ಅರಬಿಲೆ ಸಾಣಿಸಿ, ಮೈದಾ ಹಿಟ್ಟಿನಂಗ ಮಾಡಿ ಡಬ್ಬಿಗೆ ತುಂಬಿದೆ.

ಸಂಜಿಮುಂದ ಆಕಿ ಅದರಾಗ ಗಂಗಾಳ, ರೊಟ್ಟಿ ಹಂಚು ತಿಕ್ಕಿದಳು. ಬೆಳ್ಳಿ ಆದಂಗ ಆದವು. ನೋಡಿದೇನು ಅಂತ ಕೇಳಾಕ ನಾನು ಬಾಯಿ ತೆರೆಯೂದರಾಗ ಆಕಿ ಕೈ ಝಾಡಿಸಿಕೋತ ಎದ್ದು ಬಂದಳು.

"ಅತ್ತಿ, ಉರಿಯಾಕ ಹತ್ತೇತ್ರಿ. ಬೆಂಕಿಯಾಗ ಇಟ್ಟಂಗ ಆಗೇತ್ರಿ."

"ಬೂದಿ ಸ್ವಲ್ಪ ಚುರುಗುಡತದ, ತಡಕೋ."

"ಇದು ಚುರುಗುಡೋದಲ್ರಿ. ನಿಮ್ಮ ಬೂದಿ ನೀವ ತಿಕ್ಕೋರಿ."

ಮಜ್ಜಿಗಿ ಪಾತೇಲಿಯೊಳಗ ಎರಡೂ ಕೈ ಅದ್ದಿಕೊಂಡು ಕುಂತಳು. ನಾನು ಹಟದಾಕಿ. ಡಬ್ಬಿಯೊಳಗಿಂದ ಒಂದು ಚಿಟಿಕಿ ತಗೊಂಡು ನನ್ನ ಕೈಗೆ ತಿಕ್ಕಿದೆ, ಏನೂ ಆಗಲಿಲ್ಲ. ನನ್ನದು ಎಮ್ಮಿ ಚರ್ಮ. ಮೂಗಿನ ಹತ್ತರ ಒಯ್ದೆ. ಸೀನು ಬಂತು ನೋಡ್ರಿ, ನಿಲ್ಲವಲ್ದು. ಮಗ ಹೊರಗಿಂದ ಬಂದು, "ಯವ್ವಾ, ಮೂಗಿಗೆ ತಪಕೀರು ಏರಿಸಿದೇನ?" ಅಂದ.

ಹಿತ್ತಲಕ್ಕ ಹೋಗಿ ಕುಣಿ ಕೆದರಿದೆ. ಬೂದಿಯೊಳಗ ಮೆಣಸಿನಕಾಯಿ ಬೀಜ, ಮುರುಕು, ಕೆಂಪು ಧೂಳು. ಆ ಸುಗ್ಗಿ ದಿನದಾಗ ನಮ್ಮ ಕಡೆ ಮನಿಮನ್ಯಾಗ ಒಣ ಮೆಣಸಿನಕಾಯಿ ತೊಟ್ಟು ಬಿಡಸತಾರ. ಆ ಕಸ ಅಂಗಳದಿಂದ ಉಡುಗಿ ತಿಪ್ಪಿಗೆ ಒಯ್ಯಬೇಕು. ಕುಣಿಗೆ ಹಾಕಬಾರದು. ಬೀಜ ಸಾಣಿಗಿಯಾಗ ಉಳೀತದ, ಅದನ್ನ ನಾನು ನೋಡದನ ಚೆಲ್ಲಿದ್ದೆ; ಖಾರದ ಧೂಳು ಬೂದಿ ಸಂಗಾಟ ಇಳೀತದ.

"ಈ ಕಸ ಕುಣಿಗೆ ಹಾಕಿದವರು ಯಾರು?" ಅಂತ ಅಲ್ಲಿಂದನ ಕೂಗಿದೆ.

ಮಜ್ಜಿಗಿಯೊಳಗಿಂದ ಕೈ ತೆಗೀದನ ಆಕಿ ಅಂದಳು, "ನಾನರಿ. ತಿಪ್ಪಿ ದೂರ ಆಕ್ಕತಿ ಅಂತ. ಮೂಸಿ ನೋಡೋದು ನಿಮ್ಮ ಕೆಲಸ ಇತ್ತಲ್ರಿ."

ಒಬ್ಬರಿಗೊಬ್ಬರು ಅಂದು ಮುಗಿಸೂದರಾಗ ಒಲಿಮ್ಯಾಲಿನ ಅನ್ನ ಸೀದಿತ್ತು.

ಮರುದಿನ ಬಾಜು ಮನಿಯಾಕಿ ಬಂದಳು. ಮುಸಲ್ಮಾನರಾಕಿ, ತವರು ನವಲಗುಂದ, ಜಮಖಾನ ನೇಯೋ ಮನಿತನ. ಆಕಿಗೆ ನಾನು ಆಪಾ ಅಂತೀನಿ, ನನಗ ಆಕಿ ಅಕ್ಕಾ ಅಂತಾಳ; ಅರ್ಥ ಎರಡೂ ಒಂದ. ವಯಸ್ಸಿನ್ಯಾಗ ದೊಡ್ಡಾಕಿ ನಾನು ಅಂತ ಇಬ್ಬರೂ ಇನ್ನೂ ಒಪ್ಪಿಲ್ಲ. ಸೊಸಿ ಕೈ ನೋಡಿ ನನ್ನ ಕಡೆ ತಿರುಗಿದಳು.

"ಮೆಣಸಿನಕಾಯಿ ಹಾಳಾಗಿ ಹೋಗಲಿ ಅಕ್ಕಾ. ಬರೇ ಬೂದಿ ಇದ್ದರೂ ಹರದ ಕೈ ತಿಂತಿತ್ತು. ನಮ್ಮ ತವರಾಗ ಜಮಖಾನಕ್ಕ ಸೋಡಾ ಮುಟ್ಟಸಂಗಿಲ್ಲ, ಬಣ್ಣ ಹೋಗತದ. ಅಂಟವಾಳ ನೀರಾಗ ತೊಳೀತಾರ. ನೂಲು ತಡಕೊಂಡಿದ್ದು ಕೈ ತಡಕೊಳ್ಳಂಗಿಲ್ಲೇನು?"

"ಅಂಟವಾಳ ನನಗ ಗೊತ್ತಿಲ್ಲೇನು? ಹುಟ್ಟಿದಾಗಿಂದ ತಲಿಗೆ ಹಾಕ್ಕೊಂಡೀನಿ."

"ಮತ್ತ ಬೂದಿ ಯಾಕ ಕೊಟ್ಟಿ?"

"ಬೂದಿ ಪುಗಸಟ್ಟೆ."

"ಪುಗಸಟ್ಟೇದು ನೀನು ತಿಕ್ಕೋ. ಸೊಸಿ ಯಾರ ಮನಿ ಮಗಳೋ."

ದೇವಿಕೊಪ್ಪದಾಗ ನನ್ನ ತಂಗಿ ಇದಾಳ, ಅಲ್ಲಿ ಅಡವಿ ಹತ್ತರ, ಅಂಟವಾಳ ಗಿಡ ಅದಾವು. ಬಸ್ ಹತ್ತಿ ಹೋಗಿ ಒಂದು ಚೀಲ ತುಂಬಿಕೊಂಡು ಬಂದೆ. ಹೆಣ್ಣಮಕ್ಕಳಿಗೆ ಈಗ ಬಸ್ಸಿನ್ಯಾಗ ರೊಕ್ಕ ಕೇಳಂಗಿಲ್ಲ. ಹಂಗಾಗಿ ಇದೂ ಪುಗಸಟ್ಟೇನ ಅಂತ ಆಪಾನ ಮನಿ ಮುಂದ ನಿಂತು ಹೇಳಿದೆ.

ಮಾಡೋದು ಕಷ್ಟ ಇಲ್ಲ. ಕಾಯಿ ಒಡೆದು ಬೀಜ ತೆಗೀಬೇಕು. ಸಿಪ್ಪಿ ನೆನಿ ಹಾಕಿ, ಕುದಿಸಿ, ಆರಿದ ಮ್ಯಾಲ ಕೈಲೆ ಕಿವುಚಿ, ಹಳೇ ಧೋತರದಾಗ ಸೋಸಬೇಕು. ಬೋರಿನ ಸವಳ ನೀರಾಗ ಸಬಕಾರ ಒಡೆದು ಕುಂತ್ರೂ ಇದು ನಡೀತದ. ಎಣ್ಣಿ ಹಿಡಿದ ಭಾಂಡೆ ಇದ್ದರ ಮ್ಯಾಲ ಒಂದು ಮುಷ್ಟಿ ಕಡ್ಲಿಹಿಟ್ಟು ಉದುರಿಸಿ ತಿಕ್ಕೋದು. ಬಹಳ ಮಾಡಿ ಇಟ್ಟರ ಹುಳಿ ಬರತದ, ಬೇಕಾದಷ್ಟ ಕುದಿಸಬೇಕು. ಕಣ್ಣಿಗೆ ಸಿಡೀಬಾರದು. ಇನ್ನೊಂದು, ಇದು ಕಹಿ. ಎರಡು ನೀರಿಗೆ ತೊಳೀಬೇಕು. ಮೊದಲ ದಿನ ಸೊಸಿ ಒಂದ ನೀರಿಗೆ ಮುಗಿಸಿದ್ದಳು. ಮಗ ಚಾ ಬಾಯಿಗಿಟ್ಟು ಮಾರಿ ಕಿವುಚಿ, "ಇವತ್ತ ಬೇವಿನ ಚಾ ಏನು?" ಅಂದ.

ನೊರಿ ಕಡಿಮಿ ಅಂತ ಸೊಸಿಗೆ ಮೊದಲ ನಂಬಿಕಿ ಬರಲಿಲ್ಲ. "ನೊರಿ ಉಣತೀಯೇನು?" ಅಂದೆ. ಬರಬರತಾ ಗೀರು ಮುಚ್ಚಿದವು. ಹೆಬ್ಬಟ್ಟಿನ ಬುಡಕ ಒಂದು ಮಾತ್ರ ಹಟ ಹಿಡಿದು ಉಳೀತು. ಮುಲಾಮೂ ಹಚ್ಚತಿದ್ದಳು, ಸುಳ್ಳು ಯಾಕ ಹೇಳಲಿ.

ಶಿವರಾತ್ರಿ ಹತ್ತರ ಬಂದಾಗ ಅಂಟವಾಳ ನೀರು ಬಾಟ್ಲಿಗೆ ತುಂಬಿಕೊಂಡು ಸಾಲಿಗೆ ಹೊಂಟಳು. ನಾನೂ ಬೆನ್ನ ಹತ್ತಿದೆ. ಬ್ಯಾಡ್ರಿ ಅಂದಳು, ಕೇಳಲಿಲ್ಲ.

ಮುಖ್ಯ ಅಡಗಿಯಾಕಿ ಕೈ ಹೊಳ್ಳಿಸಿ ಮಳ್ಳಿಸಿ ನೋಡಿದಳು. "ಛಲೋ ಆಗ್ಯಾವು. ಆದ್ರ ಇಲ್ಲಿ ಪುಡಿ ಮುಟ್ಟಿದ್ರ ಮತ್ತ ಹರೀತಾವಲ್ಲ."

"ಮುಟ್ಟಂಗಿಲ್ರಿ. ಇದರಾಗ ತಿಕ್ಕತೀನಿ," ಅಂದು ಸೊಸಿ ಬಾಟ್ಲಿ ಇಟ್ಟಳು.

"ಇದು ಚಾದ ನೀರು ಇದ್ದಂಗ ಐತಿ. ಹುಡುಗರು ಉಣ್ಣೋ ಭಾಂಡೆ ಇವು."

"ಸಾರಿನ ಡಬರಿ ಕೊಡ್ರಿ. ನೀವ ನೋಡ್ರಿ."

ಡಬರಿ ಕೊಟ್ಟರು. ತಳಕ್ಕ ಒಗ್ಗರಣಿ ಎಣ್ಣಿ ಗಟ್ಟಿಯಾಗಿ ಹಿಡಿದಿತ್ತು. ಸೊಸಿ ಕಡ್ಲಿಹಿಟ್ಟು ಉದುರಿಸಿ, ತೆಂಗಿನ ನಾರಿಲೆ ತಿಕ್ಕಿ, ಒಂದು ನೀರು ಹಾಕಿದಳು, ಎರಡು ಹಾಕಿದಳು. ನನ್ನ ಕಡೆ ನೋಡಿದಳು. ಮತ್ತೊಂದು ನೀರು ಹಾಕಿದಳು. ಅಡಗಿಯಾಕಿ ಡಬರಿ ಒಳಗ ಬೆರಳಾಡಿಸಿ, ಆ ಬೆರಳ ನಾಲಿಗಿಗೆ ಹಚ್ಚಿದಳು. ಅಲ್ಲಿದ್ದವರೆಲ್ಲಾ ಆಕಿ ಬಾಯಿ ನೋಡಿದಿವಿ.

"ಏನೂ ಹತ್ತವಲ್ದು," ಅಂದಳು. "ಜಿಡ್ಡೂ ಇಲ್ಲ, ರುಚಿನೂ ಇಲ್ಲ. ನಾಳಿಂದ ಬಾ." ಆಮ್ಯಾಲ ನನಗ, "ಅಜ್ಜಿ, ನಮ್ಮನಿಗೂ ಒಂದು ಬಾಟ್ಲಿ ಮಾಡಿಕೊಡ್ರಲ್ಲ."

"ಬಾಟ್ಲಿ ನಿಂದ ತಾ," ಅಂದೆ.

ಬೂದಿ ಬಿಟ್ಟಿಲ್ಲ ನಾನು. ತಾಮ್ರದ ಹಂಡೆ, ಹಂಚು ನಾನ ತಿಕ್ಕತೀನಿ, ಮೊದಲ ಮೂಸಿ ನೋಡಿ. ಮೆಣಸಿನಕಾಯಿ ಕಸ ಈಗ ತಿಪ್ಪಿಗೇ ಹೋಗತದ, ದೂರ ಆದರೂ.

ಅವತ್ತ ಸಾಲಿಯಿಂದ ಬಂದ ಸಂಜಿಗೆ ನಾನು ದಿನದಂಗ ಪರಾತದಾಗ ಹಿಟ್ಟು ಹಾಕ್ಕೊಂಡು ಕುಂತಿದ್ದೆ. ಸೊಸಿ ಬಂದು ಕುದಿಯೋ ನೀರಿನ ಚರಿಗಿ ಕಸಗೊಂಡಳು.

"ಆ ಕಡೆ ಸರೀರಿ ಅತ್ತಿ. ನಿಮ್ಮ ರೊಟ್ಟಿ ಅಗದಿ ದಪ್ಪ ಆಗತಾವು."

ಹಿಟ್ಟಿಗೆ ಬಿಸಿನೀರು ಹಾಕಿ ಬರಿಗೈಲೆ ನಾದಾಕ ಹತ್ತಿದಳು. ಮಾರಿಮ್ಯಾಲ ಒಂದು ಗೆರಿ ಸುದ್ದಾ ಬೀಳಲಿಲ್ಲ. ನಾನು ಸರಿದು ಕುಂತೆ. ಇಷ್ಟು ದಿನ ಉಣ್ಣುವಾಗ ದಪ್ಪ ಅಂತ ಒಂದಿನಾನೂ ಅನ್ನಲಿಲ್ಲ ಆಕಿ.